ಆರನೇ ನಂಬರಿನವನ ಅಕ್ಕ

ರೈಲ್ವೆ ಹೋಟೆಲ್, ವಾರಂಡಿ
ನ್ಯೂ ಸೌತ್ ವೇಲ್ಸ್
೧೪ ಮಾರ್ಚ್ ೧೯೭೧

ಪ್ರೀತಿಯ ಅಕ್ಕ,

ಇಂಗ್ಲೆಂಡಿನಲ್ಲಿ ಅಂಚೆಯವರ ಮುಷ್ಕರ ಮುಗಿಯಿತು ಅಂತ ಇಲ್ಲಿಯ ಪೇಪರಿನಲ್ಲಿ ನೋಡಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಸುಖವಾಗಿ ತಲುಪಿದೆ. ಸ್ಟೇಷನ್ನಿಗೆ ಇಲ್ಲಿಯ ರಗ್ಬಿ ಕ್ಲಬ್ಬಿನ ಅಧ್ಯಕ್ಷರೊಬ್ಬರೇ ಬಂದಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆ ಕೋಟು ಬಿಚ್ಚಪ್ಪ, ಸತ್ತುಗಿತ್ತು ಹೋದೀಯ" ಅಂದರು. ಅಷ್ಟು ಬಿಸಿಲು. ಎತ್ತ ನೋಡಿದರೂ ಗೋಧಿ ಕೊಯ್ದ ನೆಲ, ಕುರಿ, ಧೂಳು. ಹೋಟೆಲಿನ ಮಹಡಿಯಲ್ಲಿ ನನಗೊಂದು ಕೋಣೆ, ಕೆಳಗೆ ಬಾರು. ಮಾಲೀಕಳು ಮಿಸೆಸ್ ಟುಯಿ ಮೂರು ಹೊತ್ತೂ ಕುರಿಮಾಂಸ ಬಡಿಸುತ್ತಾಳೆ.

ನನ್ನ ಆಟಗಾರರು ಕುರಿ ಉಣ್ಣೆ ಕತ್ತರಿಸುವವರು, ರೈಲ್ವೆ ಹಳಿ ಕೆಲಸದವರು, ಒಬ್ಬ ಬೇಕರಿಯವನು. ಚೆಂಡು ಸಿಕ್ಕಿತು ಅಂದರೆ ತಲೆ ತಗ್ಗಿಸಿ ನೇರ ನುಗ್ಗುವುದೇ. ಪಕ್ಕದಲ್ಲಿ ತಮ್ಮವನೊಬ್ಬ ಓಡಿ ಬರುತ್ತಿದ್ದಾನೆ, ಅವನಿಗೆ ಪಾಸ್ ಕೊಡಬಹುದು ಅನ್ನುವುದು ಯಾರಿಗೂ ಹೊಳೆದಿಲ್ಲ. ಬಾರಿನಲ್ಲಿ ಒಬ್ಬ ಮುದುಕ ನನ್ನನ್ನೇ ನೋಡುತ್ತಿದ್ದ. "ಐವತ್ನಾಲ್ಕರಲ್ಲಿ ಬ್ರಿಟನ್ ಟೀಮಿನ ಜೊತೆ ಬಂದಿದ್ಯಲ್ಲ, ಬೀವರ್ಸ್, ಅದು ನೀನೇ ತಾನೆ? ಆವತ್ತು ಸಿಡ್ನಿಯಲ್ಲಿ ನಿನಗೆ ಬೈದೂ ಬೈದೂ ನನ್ನ ಗಂಟಲು ಕಟ್ಟಿಹೋಗಿತ್ತು" ಅಂದ. ಆಮೇಲೆ ಒಂದು ಬಿಯರ್ ಕೊಡಿಸಿದ. ಇಡೀ ಊರಲ್ಲಿ ನನ್ನನ್ನು ಬಲ್ಲವನು ಅವನೊಬ್ಬ.

ಹದಿನೆಂಟನೇ ವಯಸ್ಸಿಗೆ ಹೆಬಲ್‌ಥಾರ್ಪ್‌ನ ಆರನೇ ನಂಬರಿನ, ಆಟ ನಡೆಸುವವನ ಜೆರ್ಸಿ ಹಾಕಿದವನು ನಾನು. ವೆಂಬ್ಲಿಯ ಫೈನಲ್ ಗೆದ್ದು ಕಪ್ ತಂದು ಊರಿನ ಕೈಗೆ ಕೊಟ್ಟೆ. ಅಲ್ಲೇ ಕೋಚ್ ಆಗಿ ಎರಡು ಸೀಸನ್ ಸೋತದ್ದಕ್ಕೆ ಕ್ಲಬ್ಬಿನ ಕಾರ್ಯದರ್ಶಿ ಕ್ರೌದರ್ ಬಾಗಿಲು ತೋರಿಸಿದ. ಅದನ್ನಾದರೂ ನುಂಗಿಕೊಳ್ಳಬಹುದು. ಆದರೆ ವಿಲ್ಫ್ ಪಾಗ್ಸನ್? ಆಡುವ ಕಾಲದಲ್ಲಿ ನನಗೆ ಬೀಳಬೇಕಾದ ಹೊಡೆತವನ್ನೆಲ್ಲ ಮುಂದೆ ನಿಂತು ತಾನು ತಿಂದವನು, ಆಮೇಲೆ ನನ್ನ ಸಹಾಯಕನಾಗಿದ್ದವನು, ನಾನು ಎದ್ದ ವಾರವೇ ನನ್ನ ಕುರ್ಚಿಯಲ್ಲಿ ಕೂತುಬಿಟ್ಟನಲ್ಲ. ಅದನ್ನು ಮರೆಯಲಾರೆ.

ನೀನು ಹೊಟ್ಟೆ ತುಂಬ ಊಟ ಮಾಡು.

ನಿನ್ನ ತಮ್ಮ,
ಆಲ್ವಿನ್


ಮಿಲ್ ಲೇನ್, ಹೆಬಲ್‌ಥಾರ್ಪ್
ಯಾರ್ಕ್‌ಷೈರ್
೧೮ ಏಪ್ರಿಲ್ ೧೯೭೧

ಆಲ್ವಿನ್‌ಗೆ,

ನಿನ್ನ ಕಾಗದ ಸಿಕ್ಕಿತು. ಟೋಪಿ ಇಲ್ಲದೆ ಬಿಸಿಲಲ್ಲಿ ನಿಲ್ಲಬೇಡ. ಅಮ್ಮ ಇದ್ದಿದ್ದರೆ ಅದನ್ನೇ ಮೊದಲು ಹೇಳುತ್ತಿದ್ದಳು. ಅವಳು ಹೋದ ಮೇಲೆ ನಿನಗೆ ಹೇಳಬೇಕಾದದ್ದೆಲ್ಲ ನನ್ನ ಪಾಲಿಗೇ ಬಂತು.

ನಾನು ಮೈದಾನದ ಕಡೆ ತಲೆ ಹಾಕಿಲ್ಲ. ಆದರೆ ಶನಿವಾರ ಮಧ್ಯಾಹ್ನ ಜನರ ಕೂಗು ಅಡುಗೆಮನೆವರೆಗೂ ಬರುತ್ತೆ. ಟ್ರೈ ಆಗಿ ಅಂಕ ಬಂದದ್ದು ನಮಗೋ ಎದುರಾಳಿಗೋ ಅನ್ನುವುದು ಕೂಗಿನಲ್ಲೇ ಗೊತ್ತಾಗುತ್ತೆ. ನಾನು ರೇಡಿಯೋ ಜೋರು ಮಾಡುತ್ತೇನೆ. ಮಿಲ್ಲಿನಲ್ಲಿ ನನ್ನ ಪಕ್ಕದ ಮೇಜಿನ ಗ್ಲ್ಯಾಡಿಸ್ ಬಟ್ಟೆಯ ಹರಿದ ಎಳೆ ಸೇರಿಸುತ್ತಾ, "ಎನಿಡ್, ನಿನ್ನ ತಮ್ಮ ಇಲ್ದೆ ನಮ್ ಟೀಮು ಕಾಲು ಮುರಿದ ಕುರ್ಚಿ ಆಗಿದೆ ಕಣೆ" ಅಂದಳು. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಪಾಗ್ಸನ್ ಪೇಟೆಯಲ್ಲಿ ಎದುರಾದ. ಟೋಪಿ ತೆಗೆದು "ಮಿಸ್ ಬೀವರ್ಸ್" ಅಂದ. ನಾನು ಸರಕ್ಕನೆ ರಸ್ತೆ ದಾಟಿ ಮೀನಂಗಡಿಗೆ ನುಗ್ಗಿದೆ. ಮೀನು ಬೇಕಿರಲಿಲ್ಲ, ಆದರೂ ಕೊಂಡು ಬಂದೆ.

ಒಬ್ಬಳಿಗೆ ಅಂತ ಅಡುಗೆ ಮಾಡುವುದು ನನಗೆ ಇನ್ನೂ ಬಂದಿಲ್ಲ. ಉಳಿದದ್ದನ್ನೆಲ್ಲ ಪಕ್ಕದ ಮನೆಯ ನಾಯಿಗೆ ಹಾಕುತ್ತಿದ್ದೇನೆ. ಅದು ಎಷ್ಟು ಊದಿದೆ ಅಂದರೆ ಅವರಿಗೆ ನನ್ನ ಮೇಲೆ ಅನುಮಾನ ಬಂದಿದೆ.

ಎನಿಡ್


ವಾರಂಡಿ
೧೧ ಜುಲೈ ೧೯೭೧

ಪ್ರೀತಿಯ ಅಕ್ಕ,

ಗೆಲ್ಲುತ್ತಿದ್ದೇವೆ. ಚೆಂಡು ಕೊಟ್ಟು, ಕೊಟ್ಟವನೇ ಬೆನ್ನ ಹಿಂದಿನಿಂದ ಸುತ್ತಿ ಓಡಿ ಅದನ್ನು ಮತ್ತೆ ಇಸಿದುಕೊಳ್ಳುವುದನ್ನು ಕಲಿಸಿದೆ. ಮೊದಮೊದಲು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬೀಳುತ್ತಿದ್ದರು. ಬೇಕರಿಯ ಕೆವಿನ್ ಎದ್ದು ಮೂಗು ಒರೆಸಿಕೊಂಡು, "ಗುರುವೇ, ಇದು ರಗ್ಬಿನೋ ಡ್ಯಾನ್ಸೋ?" ಅಂದ. ಹೋದ ಭಾನುವಾರ ಅದೇ ಆಟದಲ್ಲಿ ಕೆವಿನ್ ಎರಡು ಟ್ರೈ ಹೊಡೆದ. ಈಗ ಡ್ಯಾನ್ಸು ಅಂತಲೇ ಕರೆಯುತ್ತಾರೆ. "ಡ್ಯಾನ್ಸ್ ಹಾಕು" ಅಂತ ಊರಿಗೆ ಊರೇ ಕಿರುಚುತ್ತೆ.

ಭಾನುವಾರ ಪಂದ್ಯ, ವಾರದಲ್ಲಿ ಎರಡು ಸಂಜೆ ಅಭ್ಯಾಸ. ಉಳಿದ ದಿನ ಅವರೆಲ್ಲ ಕುರಿ ಷೆಡ್ಡುಗಳಿಗೆ ಹೋಗಿಬಿಡುತ್ತಾರೆ. ನಾನು ನದಿಯವರೆಗೆ ನಡೆದು ವಾಪಸು ಬರುತ್ತೇನೆ. ನದಿ ಅಂತ ಹೆಸರು, ನೀರಿಲ್ಲ. ಇಲ್ಲಿಯವರು ಒಳ್ಳೆಯವರು, ಯಾರನ್ನು ಕಂಡರೂ "ಏನಯ್ಯಾ" ಅಂತ ಮಾತಾಡಿಸುತ್ತಾರೆ. ಆದರೆ ಮಾತು ಅಲ್ಲಿಗೇ ನಿಲ್ಲುತ್ತೆ. ಒಂದು ವಾರ ಪೂರ್ತಿ ನಾನು "ಉಪ್ಪು ಕೊಡಿ" ಅನ್ನುವುದರ ಆಚೆ ಏನೂ ಮಾತಾಡಲಿಲ್ಲ ಅಂತ ಮೊನ್ನೆ ಗಮನಕ್ಕೆ ಬಂತು. ಅಲ್ಲಿ ನಮ್ಮ ಬೀದಿಯಲ್ಲಿ ಪೇಪರ್ ತರಲು ಹೋದರೆ ಮನೆ ಸೇರಲು ಅರ್ಧ ದಿನ ಹಿಡಿಯುತ್ತಿತ್ತು, ನೆನಪಿದೆಯಾ?

ಉದ್ದದ ಕಾಗದ ಬರಿ. ನಾಯಿಯ ವಿಷಯವಾದರೂ ಸರಿ.

ಆಲ್ವಿನ್


ಹೆಬಲ್‌ಥಾರ್ಪ್
೨೬ ಸೆಪ್ಟೆಂಬರ್ ೧೯೭೧

ಆಲ್ವಿನ್‌ಗೆ,

ಬರೆಯುವುದು ತಡವಾಯಿತು. ನಾಯಿ ತೆಳ್ಳಗಾಗಿದೆ.

ನಾನು ಮೈದಾನಕ್ಕೆ ಹೋದೆ, ಕೋಪ ಮಾಡಿಕೊಳ್ಳಬೇಡ. ಅಲ್ಲಿ ಚಹಾ ಮಾರುವ ಷೆಡ್ಡಿಗೆ ಕೈ ಸಾಲದು ಅಂತ ಗ್ಲ್ಯಾಡಿಸ್ ಎಳೆದುಕೊಂಡು ಹೋದಳು. ಆಟ ನೋಡಲಿಲ್ಲ, ಬರೀ ಚಹಾ ಸೋಸಿದೆ. ಈಗ ನಿನ್ನ ಆರನೇ ನಂಬರಿನಲ್ಲಿ ಆಡುವ ಹುಡುಗನ ಕಾಲು ಚುರುಕು, ತಲೆ ನಿಧಾನ. ಅಷ್ಟು ಮಾತ್ರ ಕಣ್ಣಿಗೆ ಬಿತ್ತು.

ಈ ಸಲ ಚಳಿಗೆ ಭಯವಿಲ್ಲ. ಗಣಿ ಕೆಲಸದವರಿಗೆ ಸಿಗುವ ಕಲ್ಲಿದ್ದಲಿನಲ್ಲಿ ಒಂದು ಪಾಲನ್ನು ಒಬ್ಬರು ನಮ್ಮ ನೆಲಮಾಳಿಗೆಗೆ ಸುರಿದು ಹೋದರು. ನಾನು ಬೇಡ ಅಂದೆ. "ಬೀದಿಯಲ್ಲಿ ಬಿದ್ದಿದ್ರೆ ಮಳೆಗೆ ನೆನೆಯುತ್ತೆ, ಅದಕ್ಕಿಂತ ನಿಮ್ಮ ಒಲೆಯಲ್ಲಿ ಉರೀಲಿ" ಅಂದರು. ಸಲಿಕೆ ಕೆಳಗಿಟ್ಟ ಮೇಲೆ ನೆಲಮಾಳಿಗೆಯ ಬಾಗಿಲಿನ ಕೀಲನ್ನೂ ಸರಿ ಮಾಡಿದರು.

ಎನಿಡ್


ವಾರಂಡಿ
೧೦ ಅಕ್ಟೋಬರ್ ೧೯೭೧

ಪ್ರೀತಿಯ ಅಕ್ಕ,

ಫೈನಲ್ ಗೆದ್ದೆವು. ಇಪ್ಪತ್ತು ವರ್ಷದಿಂದ ವಾರಂಡಿ ಗೆದ್ದಿರಲಿಲ್ಲವಂತೆ. ನನ್ನನ್ನು ಹೆಗಲ ಮೇಲೆ ಹೊತ್ತು ಹೋಟೆಲಿಗೆ ತಂದರು. ನನಗೆ ಬೈದಿದ್ದ ಆ ಮುದುಕ ಅತ್ತ. ಬಾರಿನಲ್ಲಿ ಎಲ್ಲರ ಹೆಂಡಂದಿರು, ಮಕ್ಕಳು, ಅಮ್ಮಂದಿರು, ನಿಲ್ಲಲು ಜಾಗವಿಲ್ಲ. ಒಬ್ಬೊಬ್ಬನೂ ತನ್ನವರನ್ನು ಕರೆತಂದು ನನಗೆ ಪರಿಚಯಿಸಿದ. ನಾನು ಎಲ್ಲರ ಕೈ ಕುಲುಕಿದೆ. ಹಾಗೇ ಕುಲುಕುತ್ತಾ ಹಿಂದಿನ ಬಾಗಿಲಿನಿಂದ ಹೊರಗೆ ಬಂದು ಆ ಒಣಗಿದ ನದಿಯ ದಂಡೆಯಲ್ಲಿ ಕೂತೆ. ನನ್ನ ಕಡೆಯಿಂದ ಪರಿಚಯಿಸಲು ಯಾರೂ ಇರಲಿಲ್ಲವಲ್ಲ. ವೆಂಬ್ಲಿಯ ದಿನ ನೀನು ಬೇಲಿ ಹಾರಿ ಬಂದು ಪೊಲೀಸಿನವನಿಗೆ, "ಬಿಡಯ್ಯಾ, ಅವನ ಮೂಗು ಒರೆಸಿ ಬೆಳೆಸಿದವಳು ನಾನು" ಅಂದಿದ್ದೆ.

ಕಲ್ಲಿದ್ದಲು ಕೊಟ್ಟ ಪುಣ್ಯಾತ್ಮ ಯಾರು? ಗಣಿಯಲ್ಲಿದ್ದ ಮುದುಕ ಹೋರ್ಸ್‌ಫಾಲ್ ಇರಬೇಕು. ನನ್ನ ಪರವಾಗಿ ಅವನಿಗೊಂದು ಬಿಯರ್ ಕೊಡಿಸು.

ಆಲ್ವಿನ್


ಹೆಬಲ್‌ಥಾರ್ಪ್
೧೩ ಫೆಬ್ರವರಿ ೧೯೭೨

ಆಲ್ವಿನ್‌ಗೆ,

ಗಣಿಯವರ ಮುಷ್ಕರದ ಸುದ್ದಿ ಅಲ್ಲಿಗೂ ಬಂದಿರಬೇಕು. ದೇಶವೇ ಕತ್ತಲಲ್ಲಿದೆ. ಕರೆಂಟು ಹೋದಾಗ ಮಿಲ್ಲೂ ನಿಲ್ಲುತ್ತೆ. ಕ್ಲಬ್ಬಿನ ಚಹಾ ಷೆಡ್ಡನ್ನೇ ಗಂಜಿ ಮನೆ ಮಾಡಿದ್ದೇವೆ. ಆಡುವವರಲ್ಲಿ ಅರ್ಧ ಜನ ಗಣಿಯವರು. ಹಸಿದ ಹೊಟ್ಟೆಯಲ್ಲಿ ಆಡಿ ಸೋಲುತ್ತಿದ್ದಾರೆ.

ಕಲ್ಲಿದ್ದಲು ಕೊಟ್ಟವರು ಹೋರ್ಸ್‌ಫಾಲ್ ಅಲ್ಲ. ವಿಲ್ಫ್ ಪಾಗ್ಸನ್. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಗಣಿ ನಿಂತಿದೆಯಲ್ಲ, ದಿನಾ ಬೆಳಿಗ್ಗೆ ಅವನು ಬಂದು ನಮ್ಮ ಜೊತೆ ಆಲೂಗಡ್ಡೆ ಸುಲಿಯುತ್ತಾನೆ. ಆ ದೊಡ್ಡ ಕೈಯೊಳಗೆ ಚಾಕು ಕಾಣುವುದೇ ಇಲ್ಲ, ಸುಲಿದ ಮೇಲೆ ಆಲೂಗಡ್ಡೆ ಸಿಪ್ಪೆಯಷ್ಟೇ ಉಳಿಯುತ್ತೆ. "ವಿಲ್ಫ್, ನೀವು ಸುಲಿದದ್ದರಲ್ಲಿ ತಿನ್ನೋದು ಯಾವುದು, ಎಸೆಯೋದು ಯಾವುದು?" ಅಂತ ಕೇಳಿದೆ. ಷೆಡ್ಡೆಲ್ಲ ನಕ್ಕಿತು. ಅವನೂ ನಕ್ಕ. ಹೆಂಡತಿ ಮೇವಿಸ್ ತೀರಿಕೊಂಡ ಮೇಲೆ ಅವನು ನಕ್ಕಿದ್ದನ್ನು ನೋಡಿದ್ದು ಇದೇ ಮೊದಲು ಅಂತ ಗ್ಲ್ಯಾಡಿಸ್ ಹೇಳಿದಳು.

ಅವನು ಯಾವತ್ತೂ ನಿನ್ನನ್ನು ಬಿಟ್ಟುಕೊಟ್ಟು ಮಾತಾಡಿಲ್ಲ. ಕೋಚ್ ಕೆಲಸಕ್ಕೆ ತಾನು ಒಪ್ಪದಿದ್ದರೆ ಹೊರಗಿನವನೊಬ್ಬ ಬರುತ್ತಿದ್ದ ಅನ್ನುತ್ತಾನೆ. ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಅವನು ಹೇಳಿದ್ದನ್ನು ಬರೆದಿದ್ದೇನೆ.

ಎನಿಡ್


ವಾರಂಡಿ
೫ ಮಾರ್ಚ್ ೧೯೭೨

ಎನಿಡ್,

ಅವನು ಹೇಳಿದ್ದನ್ನು ಬರೆದೆ. ನಾನು ಹೇಳಿದ್ದನ್ನು ಅವನಿಗೆ ಓದಿ ಹೇಳು. ನನ್ನ ಕುರ್ಚಿ ತೆಗೆದುಕೊಂಡದ್ದು ಸಾಲದೆ ಈಗ ನನ್ನ ಮನೆಯ ನೆಲಮಾಳಿಗೆಗೂ ಇಳಿದನೇ? ಎರಡು ಸಲಿಕೆ ಕಲ್ಲಿದ್ದಲಿಗೆ ನೀನು ಅವನ ಪರ ವಕೀಲಿ ಮಾಡುತ್ತೀಯ. ಊರಿನವರು ನಗುತ್ತಿರಬೇಕು. ಬೀವರ್ಸ್ ಊರು ಬಿಟ್ಟ, ಅವನ ಅಕ್ಕ ಪಾಗ್ಸನ್‌ಗೆ ಆಲೂಗಡ್ಡೆ ಸುಲಿಯುತ್ತಿದ್ದಾಳೆ ಅಂತ. ನೀನು ಯಾರ ಅಕ್ಕ ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೋ.

ಆಲ್ವಿನ್


ಹೆಬಲ್‌ಥಾರ್ಪ್
೨೫ ಜೂನ್ ೧೯೭೨

ಆಲ್ವಿನ್‌ಗೆ,

ನಿನ್ನ ಆರೋಗ್ಯ ಚೆನ್ನಾಗಿದೆ ಅಂದುಕೊಂಡಿದ್ದೇನೆ. ಇಲ್ಲಿ ಮಳೆ. ಮಿಲ್ಲು ನಡೆಯುತ್ತಿದೆ. ಅಲ್ಲಿಯ ಚಳಿಗಾಲಕ್ಕೆ ನಿನಗೆ ಎರಡು ಜೊತೆ ಕಾಲುಚೀಲ ಕಳಿಸಿದ್ದೇನೆ.

ಎನಿಡ್ ಬೀವರ್ಸ್


ವಾರಂಡಿ
೧೩ ಆಗಸ್ಟ್ ೧೯೭೨

ಪ್ರೀತಿಯ ಅಕ್ಕ,

ಕಾಲುಚೀಲ ಬಂತು. ನಿನ್ನ ಕಾಗದ ಮಾತ್ರ ತಂತಿಗಿಂತ ಚಿಕ್ಕದು, ಅದರಲ್ಲೂ ಮನೆತನದ ಹೆಸರು ಸೇರಿಸಿ ಸಹಿ. ನಿನಗೆ ಮೈ ಸರಿಯಿಲ್ಲ ಅಂತ ನನಗೆ ಅನುಮಾನ. ಎದೆ ನೋವು ಮತ್ತೆ ಬಂತಾ? ನೀನು ನನ್ನಿಂದ ಮುಚ್ಚಿಡುವುದು ಕಾಯಿಲೆಯನ್ನು ಮಾತ್ರ. ಮಾರ್ಚಿನಲ್ಲಿ ನಾನು ಬರೆದದ್ದನ್ನು ಒಲೆಗೆ ಹಾಕು. ಇಲ್ಲಿ ಕೂತು ಒಬ್ಬನೇ ಅದನ್ನೇ ಅಗಿಯುತ್ತಿದ್ದರೆ ಅಂಥ ಮಾತು ಹೊರಬೀಳುತ್ತೆ.

ಈಗ ಸುದ್ದಿ ಕೇಳು. ಕ್ರೌದರ್ ಬರೆದಿದ್ದಾನೆ. ಕಳೆದ ಸೀಸನ್ ತಳ ಮುಟ್ಟಿದ್ದಕ್ಕೆ ಸಮಿತಿಗೆ ಸಾಕಾಗಿದೆಯಂತೆ. ಇಲ್ಲಿಯ ಸೀಸನ್ ಮುಗಿದ ಮೇಲೆ ಬಂದುಬಿಡು, ನವೆಂಬರಿನಲ್ಲಿ ಕೆಲಸ ನಿನ್ನದು ಅಂದಿದ್ದಾನೆ. ಪಾಗ್ಸನ್‌ಗೆ ಇನ್ನೂ ಹೇಳಿಲ್ಲ, ನೀನೂ ಬಾಯಿ ಬಿಡಬೇಡ. ಆ ಕಾಗದವನ್ನು ಎಷ್ಟು ಸಲ ಓದಿದೆನೋ. ಬಾರಿಗೆ ಇಳಿದು ಎಲ್ಲರಿಗೂ ಕೊಡಿಸಿದೆ. ಯಾಕೆ ಅಂತ ಮಾತ್ರ ಹೇಳಲಿಲ್ಲ. ಇಲ್ಲಿ ಎಲ್ಲ ಚೆನ್ನಾಗಿಯೇ ನಡೆದಿದೆ. ಆದರೂ ಅಕ್ಕ, ನನಗೆ ಮನೆಗೆ ಬರಬೇಕು. ನಮ್ಮ ಅಡುಗೆಮನೆಯಲ್ಲಿ ಕೂತು ನಿನ್ನ ಬೈಗುಳ ಕೇಳಬೇಕು.

ನನ್ನ ಕೋಣೆಯ ಕಿಟಕಿ ತೆಗೆದಿಡು, ಗಾಳಿಯಾಡಲಿ.

ಆಲ್ವಿನ್


ಹೆಬಲ್‌ಥಾರ್ಪ್
೩ ಸೆಪ್ಟೆಂಬರ್ ೧೯೭೨

ಪ್ರೀತಿಯ ಆಲ್ವಿನ್,

ನನಗೆ ಕಾಯಿಲೆ ಏನೂ ಇಲ್ಲ. ಎದೆ ಗಟ್ಟಿಯಾಗಿದೆ.

ಒಳ್ಳೆಯ ಸುದ್ದಿ. ಆ ಕೆಲಸ ನಿನ್ನದೇ ಆಗಿತ್ತು. ಇದು ನಿನ್ನ ಮನೆ, ನೀನು ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ನಿನ್ನ ಕಾಗದ ಬರುವ ಮುಂಚೆಯೇ ನಿನ್ನ ಕೋಣೆಗೆ ಬಿಳಿ ಬಣ್ಣ ಬಳಿದಿದ್ದೆವು, ಅದೂ ಅನುಕೂಲವೇ ಆಯಿತು. ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ನೀನು ಹೇಳಿದಂತೆ ಯಾರಿಗೂ ಹೇಳಿಲ್ಲ. ಹೇಳದೆ ಇರುವುದು ಇಷ್ಟು ಕಷ್ಟ ಅಂದುಕೊಂಡಿರಲಿಲ್ಲ. ಎದುರಿಗೇ ಕೂತು ಚಹಾ ಕುಡಿಯುವವರ ಮುಖ ನೋಡಲಾಗುವುದಿಲ್ಲ.

ನಾನೂ ಒಂದು ವಿಷಯ ಬರೆಯಬೇಕು ಅಂತಿದ್ದೆ. ಈಗ ಬೇಡ, ನೀನು ಬಂದ ಮೇಲೆ ನೋಡೋಣ. ಅಂಥ ದೊಡ್ಡದೇನಲ್ಲ. ಈ ವಯಸ್ಸಿನಲ್ಲಿ ಯಾವುದೂ ಅಷ್ಟು ದೊಡ್ಡದಲ್ಲ.

ಹಡಗೋ ವಿಮಾನವೋ ತಿಳಿಸು.

ನಿನ್ನ ಅಕ್ಕ,
ಎನಿಡ್


ವಾರಂಡಿ
೧ ಅಕ್ಟೋಬರ್ ೧೯೭೨

ಪ್ರೀತಿಯ ಅಕ್ಕ,

ನಾನು ಬರುತ್ತಿಲ್ಲ. ಕ್ರೌದರ್‌ಗೂ ಬರೆದಿದ್ದೇನೆ.

ಆಗಿದ್ದು ಇಷ್ಟು. ವಾರಂಡಿಯವರು ನನ್ನನ್ನು ಬಿಡುತ್ತಿಲ್ಲ. ಇನ್ನೂ ಮೂರು ವರ್ಷಕ್ಕೆ ಸಹಿ ಹಾಕಿಸಿಕೊಂಡಿದ್ದಾರೆ. ನದಿಯ ಹತ್ತಿರ ಮನೆ ಬೇರೆ ಕೊಡುತ್ತಾರಂತೆ, ಸುತ್ತ ವರಾಂಡ ಇದೆ. ಈ ಬಿಸಿಲು ಮೈಗೆ ಹಿಡಿದ ಮೇಲೆ ಹೆಬಲ್‌ಥಾರ್ಪ್‌ನ ಚಳಿ ಯಾರಿಗೆ ಬೇಕು?

ನಿನ್ನ ಕಾಗದವನ್ನು ನದಿ ದಂಡೆಗೆ ಒಯ್ದು ಓದಿದೆ. "ಬಳಿದಿದ್ದೆವು" ಅಂತ ಬರೆದಿದ್ದೀಯಲ್ಲ, ಅದನ್ನು ಮತ್ತೆ ಮತ್ತೆ ಓದಿದೆ. ಒಂದು ಮಾತು ಹೇಳಬೇಕು. ನನ್ನ ಕೋಣೆಯ ಬೀರುವಿನ ಹಿಂದಿನ ಮೂಲೆಯಲ್ಲಿ ತೇವ ಇದೆ. ಅಲ್ಲಿ ಒಂದು ಸಲ ಬಣ್ಣ ಬಳಿದರೆ ಸಾಲದು, ಎರಡು ಸಲ ಬಳಿಯಬೇಕು ಅಂತ ವಿಲ್ಫ್‌ಗೆ ಹೇಳು. ಏಣಿ ಹತ್ತುವಾಗ ಅವನ ಎಡ ಮಂಡಿ ಜೋಪಾನ. ಲೀಡ್ಸ್ ವಿರುದ್ಧದ ಪಂದ್ಯದಲ್ಲಿ ನನಗೆ ಬೀಳುವ ಹೊಡೆತಕ್ಕೆ ಅಡ್ಡ ಬಂದು ಹಾಳು ಮಾಡಿಕೊಂಡದ್ದು ಅದು.

ಇನ್ನೊಂದು. ಆ ಆರನೇ ನಂಬರಿನ ಹುಡುಗನ ತಲೆ ನಿಧಾನ ಅಂದಿದ್ದೆ. ಅವನಿಗೆ ಯೋಚಿಸುವ ಕೆಲಸ ಕೊಡಬೇಡಿ, ಮೈದಾನದ ಅಂಚಿಗೆ ಹಾಕಿ ಓಡಲು ಬಿಡಿ. ಇದನ್ನೂ ವಿಲ್ಫ್‌ಗೆ ಹೇಳು. ನನ್ನ ಹೆಸರು ಹೇಳಬೇಕಿಲ್ಲ, ನಿನಗೇ ಹೊಳೆಯಿತು ಅನ್ನು.

ಯಾವುದು ದೊಡ್ಡದು, ಯಾವುದು ಅಲ್ಲ ಅನ್ನುವುದು ನಿನಗೆ ಗೊತ್ತಿಲ್ಲ, ಎಂದೂ ಗೊತ್ತಿರಲಿಲ್ಲ. ನನ್ನ ಬೂಟಿಗಾಗಿ ನೀನು ನಿನ್ನ ಚಳಿಗಾಲದ ಕೋಟು ಬಿಟ್ಟಾಗಲೂ ದೊಡ್ಡದೇನಲ್ಲ ಅಂದಿದ್ದೆ.

ನಿನ್ನ ತಮ್ಮ,
ಆಲ್ವಿನ್


ಹೆಬಲ್‌ಥಾರ್ಪ್
೨೧ ಜನವರಿ ೧೯೭೩

ಪ್ರೀತಿಯ ಆಲ್ವಿನ್,

ಈ ಕಾಗದ ನಿನಗೆ ಎಲ್ಲಿ ಸಿಗುತ್ತದೋ ಗೊತ್ತಿಲ್ಲ. ಕ್ರಿಸ್‌ಮಸ್‌ಗೆ ಕಳಿಸಿದ ಪೊಟ್ಟಣ ವಾಪಸು ಬಂತು. ಜೊತೆಗೆ ಮಿಸೆಸ್ ಟುಯಿ ಎರಡು ಸಾಲು ಬರೆದಿದ್ದಳು. ವಾರಂಡಿಯವರು ಸಿಡ್ನಿಯ ಆಟಗಾರನೊಬ್ಬನನ್ನು ಕೋಚ್ ಮಾಡಿಕೊಂಡರಂತೆ, ನೀನು ಅಕ್ಟೋಬರಿನಲ್ಲೇ ಹೋದೆಯಂತೆ. ಹೊಸ ವಿಳಾಸ ಅವಳೇ ಕೊಟ್ಟಳು. ನೀನು ಒಳ್ಳೆಯ ಬಾಡಿಗೆದಾರ, ಆದರೆ ಊಟ ಸಾಲದು ಅಂತಲೂ ಬರೆದಿದ್ದಳು. ನದಿ ಹತ್ತಿರದ ಮನೆ ಎಲ್ಲಿ ಹೋಯಿತು ಆಲ್ವಿನ್?

ಹೋದ ಶನಿವಾರ ಬೆಳಿಗ್ಗೆ ನನಗೂ ವಿಲ್ಫ್‌ಗೂ ಮದುವೆಯಾಯಿತು. ಮಧ್ಯಾಹ್ನ ಪಂದ್ಯವಿತ್ತು, ಅದಕ್ಕೇ ಬೆಳಿಗ್ಗೆ. ಚರ್ಚಿನಲ್ಲಿ ಅಪ್ಪನ ಜಾಗದಲ್ಲಿ ನನ್ನ ಕೈ ಹಿಡಿದು ನಡೆಸಲು ಕ್ರೌದರ್ ಮುಂದೆ ಬಂದ. ಆ ಜಾಗ ಖಾಲಿಯಿಲ್ಲ ಅಂದೆ. ಒಬ್ಬಳೇ ನಡೆದೆ. ಎಲ್ಲರೂ ತಿರುಗಿ ನೋಡಿದರು, ನೋಡಲಿ. ಪಂದ್ಯ ಗೆದ್ದೆವು. ಆ ಹುಡುಗ ಅಂಚಿನಲ್ಲಿ ಕುದುರೆಯ ಹಾಗೆ ಓಡಿದ.

ಸಂಜೆ ಕ್ಲಬ್ಬಿನಲ್ಲಿ ಕ್ರೌದರ್ ಸ್ವಲ್ಪ ಹೆಚ್ಚು ಕುಡಿದು ಎಲ್ಲ ಹೇಳಿಬಿಟ್ಟ. ಕೆಲಸ ನಿನಗೆ ಬಂದಿತ್ತು, ನೀನು ಬೇಡ ಅಂದೆ, ವಿಲ್ಫ್‌ಗೆ ಇನ್ನೂ ಎರಡು ವರ್ಷ ಕೊಡಿ, ಅವನಿಗಿಂತ ನಿಯತ್ತಿನವನು ಸಿಗುವುದಿಲ್ಲ ಅಂತ ಬರೆದೆ ಅಂತ. ವಿಲ್ಫ್ ಗ್ಲಾಸು ಕೆಳಗಿಟ್ಟ. ಇಬ್ಬರೂ ಮನೆಗೆ ನಡೆದೆವು. ಬಾಗಿಲ ಹತ್ತಿರ, "ನಿನಗೆ ಗೊತ್ತಿತ್ತಾ?" ಅಂದ. "ಕೆಲಸ ಬಂದಿದ್ದು ಗೊತ್ತಿತ್ತು, ಉಳಿದದ್ದು ಗೊತ್ತಿರಲಿಲ್ಲ" ಅಂದೆ. ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನಾನು ನೋಡಿರಲಿಲ್ಲ.

ಈಗ ಪಕ್ಕದಲ್ಲೇ ನಿಂತು ಬರೆಸುತ್ತಿದ್ದಾನೆ. "ಅವನು ಬರಲಿ, ಕುರ್ಚಿ ಅವನದು. ನಾನು ನೀರಿನ ಬಕೆಟ್ಟು ಹಿಡೀತೀನಿ. ಇಬ್ಬರಿಗೂ ಅಡುಗೆ ನೀನು ಮಾಡ್ತೀಯ" ಅಂತ. ಬಾ ಆಲ್ವಿನ್. ಕೇಕಿನ ತುಂಡು ಬೇರೆ ಕಳಿಸುತ್ತಿದ್ದೇನೆ.

ನಿನ್ನ ಅಕ್ಕ,
ಎನಿಡ್


ಕೂಲಬಾ ಸೈಡಿಂಗ್
ನ್ಯೂ ಸೌತ್ ವೇಲ್ಸ್
೪ ಮಾರ್ಚ್ ೧೯೭೩

ಪ್ರೀತಿಯ ಅಕ್ಕ,

ಸರಿ, ನದಿ ಹತ್ತಿರ ಮನೆ ಇಲ್ಲ. ಇದು ವಾರಂಡಿಯಿಂದಲೂ ಒಂದು ದಿನದ ರೈಲು ದಾರಿ. ಹಳಿ ರಿಪೇರಿಯವರ ಊರು. ರೈಲ್ವೆಯಲ್ಲಿ ನನಗೂ ಸಣ್ಣ ಕೆಲಸ ಕೊಟ್ಟಿದ್ದಾರೆ, ಸಂಜೆ ಟೀಮು ನೋಡಿಕೊಳ್ಳುತ್ತೇನೆ. ಕಣಕ್ಕಿಳಿಯಲು ಹದಿಮೂರು ಜನ ಬೇಕು, ನಮಗೆ ಹನ್ನೆರಡೇ. ಹದಿಮೂರನೆಯವನು ನಾನು. ಈ ವಯಸ್ಸಿನಲ್ಲಿ ಮೊದಲ ಟ್ಯಾಕಲ್ ಬಿದ್ದಾಗ ಹಲ್ಲೆಲ್ಲ ಅಲ್ಲಾಡಿತು. ಮೈದಾನಕ್ಕೆ ಬೇಲಿ ಇಲ್ಲ. ಎಮು ಹಕ್ಕಿಗಳನ್ನು ಓಡಿಸಿ ಆಟ ಶುರು ಮಾಡಬೇಕು.

ನಾನು ಬರುವುದಿಲ್ಲ ಅಕ್ಕ. ಕೋಪದಿಂದ ಅಲ್ಲ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಕೋಚ್ ಕೂತರೆ ನಿನಗೆ ಬೆಳಗಿನ ತಿಂಡಿ ನೆಮ್ಮದಿಯಾಗಿ ತಿನ್ನಲಾಗುವುದಿಲ್ಲ. ವಿಲ್ಫ್ ಬಕೆಟ್ಟು ಹಿಡಿದರೆ ನಾನು ನೋಡಲಾರೆ, ನಾನು ಹಿಡಿದರೆ ಅವನು ನೋಡಲಾರ. ಮುಂದೆ ಯಾವತ್ತಾದರೂ ನೋಡೋಣ. ಅವನಿಗೆ ಹೇಳು, ಎರಡು ವರ್ಷದ ಹಿಂದೆ ಊರು ಬಿಡುವಾಗ ನಾನು ಕುಲುಕಲು ಕೊಡದೆ ಬಂದ ಕೈಯನ್ನು ಈಗ ಕೊಟ್ಟಿದ್ದೇನೆ ಅಂತ ತಿಳಿದುಕೊಳ್ಳಲಿ. ಸಂಜೆಗಳು ಉದ್ದ, ಅದನ್ನು ಮುಚ್ಚಿಡುವುದಿಲ್ಲ. ನಿನ್ನ ಕಾಗದ ಬಂದ ದಿನ ಅಷ್ಟು ಉದ್ದ ಅನ್ನಿಸುವುದಿಲ್ಲ.

ಕೇಕು ಪುಡಿಯಾಗಿ ಬಂತು. ಅಭ್ಯಾಸಕ್ಕೆ ತೆಗೆದುಕೊಂಡು ಹೋಗಿ ಟವೆಲಿನ ಮೇಲೆ ಹರವಿದೆ. ಎಲ್ಲರೂ ಕೈ ಹಾಕಿದರು. ಡಗನ್ ಅಂತ ನಮ್ಮ ಮುಂದಿನ ಸಾಲಿನವನು, ನೋಡಲು ಥೇಟ್ ವಿಲ್ಫ್ ಹಾಗೇ ಗೋಡೆ, "ಯಾರ ಮದುವೆದು ಗುರುವೇ?" ಅಂದ.

"ನಮ್ಮಕ್ಕಂದು."

ನನ್ನ ತಲೆಯ ನರೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನಗಲಿಲ್ಲ. ಡಗನ್ ಬೆರಳು ನೆಕ್ಕುತ್ತಾ, "ಅಪ್ಪ ಇಲ್ಲ ಅಂದಿದ್ದೆ. ಮತ್ತೆ ಚರ್ಚಲ್ಲಿ ಅವರ ಕೈ ಹಿಡಿದು ಕೊಟ್ಟವರು ಯಾರು?" ಅಂದ.

"ನಾನು" ಅಂದೆ.

"ನೀನು ಇಲ್ಲೇ ಇದ್ಯಲ್ಲ."

"ಹೌದು, ಇಲ್ಲೇ ಇದ್ದೆ."

ಡಗನ್ ಟವೆಲ್ ಕೊಡವಿ ಮಡಿಸಿ ನನ್ನ ಕೈಗಿಟ್ಟ. ಆಮೇಲೆ ಚೆಂಡು ತೆಗೆದುಕೊಂಡು ಅಭ್ಯಾಸ ಶುರು ಮಾಡಿದೆವು.

ನಿನ್ನ ತಮ್ಮ,
ಆಲ್ವಿನ್